ಹದಿನೇಳನೇ ನಂಬರಿನ ಸೀಲು

ತೂಕದ ಸಾಹೇಬರು ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ತೂಕದ ವಿಷಯವಾಗಿ ಸುಳ್ಳು ಹೇಳಿದ್ದು ಒಂದೇ ಸಲ. ಅದೂ ಸಕ್ಕರೆಯ ತೂಕವಲ್ಲ, ಸಿಮೆಂಟಿನದೂ ಅಲ್ಲ, ಸ್ವಂತ ಮೈಯದು. ಸುಳ್ಳು ಎಂದರೂ ಏನು ಮಹಾ, ಬರೀ ಹತ್ತೊಂಬತ್ತು ಕಿಲೋ. ಅಷ್ಟಕ್ಕೇ ಒಂದು ವಾರದೊಳಗೆ ಮನೆ, ಆಫೀಸು, ಮಾರುಕಟ್ಟೆ ಮೂರೂ ಕಡೆ ಜನ ಅವರಿಗಾಗಿ ಕಣ್ಣೀರು ಹಾಕುವಂತಾಯಿತು.

ಅಂಗಡಿ ಅಂಗಡಿ ಅಲೆದು ತಕ್ಕಡಿಗಳನ್ನು ಪರೀಕ್ಷಿಸುವುದು ಅವರ ಕೆಲಸ. ತಕ್ಕಡಿ ಸರಿಯಿದ್ದರೆ ಅದರ ಹೊಟ್ಟೆಗೆ ಉಕ್ಕಿನ ತಂತಿ ಪೋಣಿಸಿ, ತಂತಿಯ ತುದಿಗೆ ಸೀಸದ ಗುಂಡು ಸಿಕ್ಕಿಸಿ, ಇಲಾಖೆಯ ಇಕ್ಕಳದಿಂದ ಒತ್ತಿಬಿಡುವರು. ಗುಂಡಿನ ಮೇಲೆ ಹದಿನೇಳು ಎಂಬ ಅಂಕಿ ಮೂಡುವುದು. ಹದಿನೇಳು ಎಂದರೆ ಸಾಹೇಬರು. ಆ ತಂತಿಯನ್ನು ಗಟ್ಟಿ ಆಳೊಬ್ಬ ಎರಡೂ ಕೈಯಲ್ಲಿ ಜಗ್ಗಿದರೂ ಹರಿಯುವಂತಿರಲಿಲ್ಲ. ಸಾಹೇಬರಿಗೆ ಹೆಂಡತಿಯ ಮೇಲೆ ಪ್ರೀತಿ, ಮೇಲಧಿಕಾರಿಯ ಮೇಲೆ ಭಯ, ಆ ತಂತಿಯ ಮೇಲೆ ಮಾತ್ರ ಅಪಾರ ಅಭಿಮಾನ. "ನಾನು ಸೀಲ್ ಹಾಕಿದ್ಮೇಲೆ ಅದು ಅಲ್ಲಾಡಬಾರ್ದು" ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು.

ಇಂಥ ಮನುಷ್ಯ ಭಾನುವಾರ ಬಂತೆಂದರೆ ವಿಮಾನದಿಂದ ಕೆಳಗೆ ಹಾರುತ್ತಿದ್ದರು. ನಲವತ್ತೆರಡನೇ ವಯಸ್ಸಿನಲ್ಲಿ ಯಾರೋ ಕೆಣಕಿದರೆಂದು ಒಂದು ಸಲ ಹಾರಲು ಹೋದವರು ಮತ್ತೆ ಬಿಡಲೇ ಇಲ್ಲ. ಈಗ ಎಪ್ಪತ್ತಮೂರು ಹಾರಾಟ ಆಗಿತ್ತು. ಹೊಸಬರ ಸಾಲಿನಿಂದ ಎದ್ದಿದ್ದರು, ಹಳಬರ ಸಾಲಿನಲ್ಲಿ ಇನ್ನೂ ಯಾರೂ ಜಾಗ ಬಿಟ್ಟಿರಲಿಲ್ಲ. ಹಾರುವ ಕ್ಲಬ್ಬಿನಲ್ಲಿ ಪ್ಯಾರಾಚೂಟುಗಳನ್ನು ಪರೀಕ್ಷಿಸಿ, ಹೊಲಿದು, ಮಡಿಸಿಕೊಡುವ ಹಿರಿಯ ಹೆಂಗಸೊಬ್ಬರಿದ್ದರು. ಅವರನ್ನು ಎಲ್ಲರೂ ನೂಲಮ್ಮ ಎನ್ನುತ್ತಿದ್ದರು. ಸಾಹೇಬರಂಥ ನಡುವಿನವರ ಬಗ್ಗೆ ನೂಲಮ್ಮನ ಅಭಿಪ್ರಾಯ ಖಚಿತವಾಗಿತ್ತು.

"ಹೊಸಬರಿಗೆ ಭಯ ಇರುತ್ತೆ, ಹಳಬರಿಗೆ ಬುದ್ಧಿ ಇರುತ್ತೆ. ಈ ಎಪ್ಪತ್ತು ಎಂಬತ್ತು ಹಾರಿದೋರಿಗೆ ಎರಡೂ ಇರಲ್ಲ" ಎನ್ನುತ್ತಿದ್ದರು ಅವರು.

ಸಾಹೇಬರ ದುಃಖಕ್ಕೆ ಕಾರಣ ಅವರ ಕೊಡೆ. ಪ್ಯಾರಾಚೂಟನ್ನು ಕ್ಲಬ್ಬಿನವರು ಕರೆಯುವುದೇ ಹಾಗೆ. ಕ್ಲಬ್ಬು ಅವರಿಗೆ ಬಾಡಿಗೆಗೆ ಕೊಡುತ್ತಿದ್ದದ್ದು ಇನ್ನೂರ ಮೂವತ್ತು ಚದರ ಅಡಿಯದು, ಹೊಸಬರಿಗೆ ಕೊಡುವಂಥದು. ಕೊಡೆ ದೊಡ್ಡದಾದಷ್ಟೂ ನಿಧಾನ, ಚಿಕ್ಕದಾದಷ್ಟೂ ವೇಗ. ಚಿಕ್ಕ ಕೊಡೆಯವರಿಗೆ ಮರ್ಯಾದೆ. ಹಲ್ಲಿನ ಡಾಕ್ಟರಮ್ಮ ನೂರೈವತ್ತರ ಕೊಡೆಯಲ್ಲಿ ಸುಂಯ್ ಎಂದು ಬಂದು, ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ ನಿಂತರೆ ನೋಡುವವರು ಚಪ್ಪಾಳೆ ತಟ್ಟುತ್ತಿದ್ದರು. ಸಾಹೇಬರು ಮೇಲಿಂದ ಇಳಿಯುತ್ತಲೇ ಇರುತ್ತಿದ್ದರು. ಅವರ ಕೊಡೆಗೆ ಸರ್ಕಸ್ ಡೇರೆ ಎಂದು ಹೆಸರು ಬಿದ್ದಿತ್ತು. "ಡೇರೆ ಬರ್ತಾ ಇದೆ, ಇನ್ನೊಂದು ಟೀ ಕುಡಿಯೋಕೆ ಟೈಮಿದೆ" ಎಂದು ಕೆಳಗೆ ಯಾರಾದರೂ ಹೇಳುವುದು, ಗಾಳಿ ನೆಟ್ಟಗಿದ್ದ ದಿನ, ಅವರಿಗೆ ಮೇಲೇ ಕೇಳಿಸುತ್ತಿತ್ತು.

ಹೀಗಿರುವಾಗ ಕ್ಲಬ್ಬಿನ ಬೋರ್ಡಿನ ಮೇಲೆ ಒಂದು ಚೀಟಿ ಬಿತ್ತು. ಯಾರೋ ಊರು ಬಿಡುತ್ತಿದ್ದವರು ಪೂರಾ ಕಿಟ್ಟು ಮಾರುತ್ತಿದ್ದರು. ನೂರ ಎಪ್ಪತ್ತರ ನೀಲಿ ಕೊಡೆ, ಬೆನ್ನಿನ ಚೀಲ, ಅದರೊಳಗೆ ಮೊದಲ ಕೊಡೆ ಕೈಕೊಟ್ಟರೆ ಬಿಚ್ಚಿಕೊಳ್ಳುವ ಎರಡನೇ ಬಿಳಿ ಕೊಡೆ. ಸಾಹೇಬರು ಆ ನೀಲಿ ಬಟ್ಟೆಯನ್ನು ಮುಟ್ಟಿ ನೋಡಿದರು. ಅಲ್ಲಿಗೆ ಅವರ ಕಥೆ ಮುಗಿಯಿತು.

ನೂಲಮ್ಮ ಅಡ್ಡ ನಿಂತರು. "ನೂರು ಹಾರಾಟ ಆಗೋವರೆಗೆ ಒಂದು ಚದರ ಅಡಿ ಬಟ್ಟೆಗೆ ಒಂದು ಪೌಂಡಿಗಿಂತ ಜಾಸ್ತಿ ತೂಕ ಬೀಳಬಾರ್ದು. ಕಿಟ್ಟಿನ ತೂಕ ಸೇರಿಸಿ. ಚಿಕ್ಕದಕ್ಕೆ ಹೋಗೋ ಮುಂಚೆ ದೊಡ್ಡದರಲ್ಲಿ ಅಡ್ಡಗಾಳಿಲಿ ಇಳಿದು ತೋರಿಸ್ಬೇಕು, ನೆಲದ ಹತ್ರ ಚಪ್ಪಟೆಯಾಗಿ ತಿರುಗಿ ತೋರಿಸ್ಬೇಕು. ಕೊಡೆ ಬಣ್ಣ ನೋಡಿ ಕೊಳ್ಳೋದಲ್ಲ ಸಾಹೇಬ್ರೇ. ನಿಮ್ಮ ತೂಕ ಎಷ್ಟು?"

ಇಲ್ಲಿ ಸಾಹೇಬರು ಒಂದು ಲೆಕ್ಕ ಮಾಡಿದರು. ಎಲ್ಲರೂ ತಮ್ಮ ತೂಕ ನೋಡಿಕೊಂಡು ಕೊಡೆ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕುತ್ತಾರೆ. ಸಾಹೇಬರು ಕೊಡೆಯನ್ನು ನೋಡಿಕೊಂಡು ತಮ್ಮ ತೂಕ ಎಷ್ಟಿರಬೇಕೆಂದು ಲೆಕ್ಕ ಹಾಕಿದರು. ಅರವತ್ತೇಳು ಎಂದು ಉತ್ತರ ಬಂತು.

"ಅರವತ್ತೇಳು" ಎಂದರು.

ನೂಲಮ್ಮ ಅವರ ಹೊಟ್ಟೆಯನ್ನು ನೋಡಿದರು. ಕೊಡೆ ಮಡಿಸುವ ಗುಡಿಸಲಿನ ಮೂಲೆಯಲ್ಲಿ ಸಾಮಾನು ತೂಗುವ ದೊಡ್ಡ ತಕ್ಕಡಿ ಇತ್ತು. ಅದರತ್ತ ಅವರ ಕಣ್ಣು ಹೊರಳುವಷ್ಟರಲ್ಲಿ ಕ್ಲಬ್ಬಿನ ಮುಖ್ಯಸ್ಥರು ನಕ್ಕುಬಿಟ್ಟರು. "ತೂಕದ ಸಾಹೇಬ್ರನ್ನೇ ತಕ್ಕಡಿ ಹತ್ತಿಸ್ತೀರಾ ನೂಲಮ್ಮ? ಅವ್ರು ಹೇಳಿದ್ದೇ ತೂಕ." ಫಾರಂ ಭರ್ತಿಯಾಯಿತು. ಮನೆಯವರೊಬ್ಬರ ಸಹಿ ಮಾಡಿಸಿ ತಂದರೆ ಮುಂದಿನ ಭಾನುವಾರ ಹಾರಬಹುದು ಎಂದಾಯಿತು.

ನೂಲಮ್ಮ ಬೇಸರದಿಂದಲೇ ಕಿಟ್ಟನ್ನು ಪರೀಕ್ಷಿಸಿ, ಎರಡನೇ ಕೊಡೆಯನ್ನು ಮಡಿಸಿ ಮುಚ್ಚಿ, ಅದನ್ನು ಮುಚ್ಚಿಡುವ ಪಿನ್ನಿಗೆ ಒಂದು ಸಪೂರ ಕೆಂಪು ನೂಲು ಕಟ್ಟಿ, ನೂಲಿನ ತುದಿಗೆ ಪುಟ್ಟ ಸೀಸದ ಗುಂಡು ಒತ್ತಿದರು. "ಬಿಸಿಲಿಗೆ ಹಾಕ್ಬೇಡಿ. ಒಗೀಬೇಡಿ. ಪೆಟ್ರೋಲ್ ಹತ್ರ ಇಡಬೇಡಿ. ಈ ನೂಲು ಹರಿದ್ರೆ ನನ್ನ ಹತ್ರಾನೇ ತನ್ನಿ, ಇನ್ಯಾರೂ ಮುಟ್ಟಬಾರ್ದು. ಆವಾಗ ಮಾತ್ರ ಯಾರು ಏನೇ ಅನ್ಲಿ, ನಿಮ್ಮನ್ನೂ ತೂಗ್ತೀನಿ, ಕಿಟ್ಟನ್ನೂ ತೂಗ್ತೀನಿ."

ಸಾಹೇಬರು ನೀಲಿ ಕೊಡೆಯನ್ನು ಬೆನ್ನಿಗೇರಿಸಿ ಮನೆಗೆ ಬಂದರು. ಮುಂದಿನ ಭಾನುವಾರದೊಳಗೆ ಸುಳ್ಳನ್ನು ಸ್ವಲ್ಪ ನಿಜ ಮಾಡೋಣವೆಂದು ಅಂದೇ ಊಟ ಬಿಟ್ಟರು.

*

ಹೆಂಡತಿ ಫಾರಮ್ಮಿಗೆ ಸಹಿ ಹಾಕುವ ಮುಂಚೆ ಅದನ್ನು ಓದಿದರು. ಎರಡು ವರ್ಷದಿಂದ ಓದದೆ ಸಹಿ ಹಾಕಿದವರು ಈ ಸಲ ಯಾಕೆ ಓದಿದರೋ ಗೊತ್ತಿಲ್ಲ. ತೂಕ, ಅರವತ್ತೇಳು. ಎರಡು ತಿಂಗಳ ಹಿಂದೆ ಆಫೀಸಿನವರು ಮಾಡಿಸಿದ ಆರೋಗ್ಯ ತಪಾಸಣೆಯ ಚೀಟಿ ಅವರ ಬೀರುವಿನಲ್ಲೇ ಇತ್ತು. ಅದರಲ್ಲಿ ಎಂಬತ್ತಾರು.

ಬೇರೆ ಯಾರೇ ಬರೆದಿದ್ದರೂ ತಪ್ಪಾಗಿ ಬರೆದಿರಬೇಕು ಎನ್ನಬಹುದಿತ್ತು. ಈ ಮನುಷ್ಯ ತೂಕದಲ್ಲಿ ಹತ್ತು ಗ್ರಾಂ ತಪ್ಪಿದವರಲ್ಲ. ಮನೆಯಲ್ಲಿ ತೂಕದ ಯಂತ್ರವೂ ಇರಲಿಲ್ಲ. ದಿನವಿಡೀ ತಕ್ಕಡಿ ನೋಡಿ ಬಂದ ಕಣ್ಣಿಗೆ ಮನೆಯಲ್ಲೂ ಅದೇ ಬೇಡ ಎಂದು ಸಾಹೇಬರೇ ಇಟ್ಟುಕೊಂಡಿರಲಿಲ್ಲ. ಮೇಲಾಗಿ ನಿನ್ನೆಯಿಂದ ತಟ್ಟೆ ಮುಟ್ಟಿಲ್ಲ. ಆಕೆ ತುಟಿ ಪಿಟಕ್ಕೆನ್ನದೆ ಸಹಿ ಹಾಕಿ, ಒಳಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದರು.

ಅಣ್ಣನದು ಔಷಧದ ಅಂಗಡಿ. ಮೂವತ್ತು ವರ್ಷ ಗುಳಿಗೆ ಮಾರಿದ್ದರಿಂದ ಡಾಕ್ಟರುಗಳ ಬಗ್ಗೆ ಅವರಿಗೆ ಕನಿಕರ ಮಾತ್ರ ಇತ್ತು. ಸಂಜೆಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಸಾಹೇಬರನ್ನು ಬಾಗಿಲ ಸಂದಿಯಿಂದ ನೋಡಿ, ಅಡುಗೆಮನೆಗೆ ಹೋದರು.

"ಅಣ್ಣ, ಹತ್ತೊಂಬತ್ತು ಕಿಲೋ ಕರಗಿಹೋಗಿದ್ದಾರೆ" ಎಂದರು ತಂಗಿ.

"ನೋಡೋಕೆ ಹಾಗೆ ಕಾಣಲ್ವಲ್ಲ."

"ಅದೇ ನನಗೂ ಭಯ. ಪ್ಯಾಂಟು ಮೊದಲಿನ ಹಾಗೇ ಬಿಗಿ."

ಅಣ್ಣ ಬಹಳ ಹೊತ್ತು ಯೋಚಿಸಿದರು. "ಊತ" ಎಂದರು ಕೊನೆಗೆ. "ಒಳಗೆ ಕರಗ್ತಾ ಇದೆ, ಹೊರಗೆ ಊದ್ತಾ ಇದೆ. ಇಂಥದ್ದನ್ನ ನಾನು ಒಂದೇ ಸಲ ನೋಡಿರೋದು. ಅವ್ರ ಮುಂದೆ ಏನೂ ತೋರಿಸ್ಕೋಬೇಡ."

ತೋರಿಸಿಕೊಳ್ಳಬಾರದೆಂದು ಅಣ್ಣ ಮರುದಿನ ಸಾಹೇಬರ ಮೇಲಧಿಕಾರಿಗೆ ಮಾತ್ರ ಹೇಳಿದರು. ಅಂಗಡಿಗೆ ಬಂದವರಿಗೆ ಮಾತ್ರ ಹೇಳಿದರು. ಮೇಲಿನ ಮನೆಯ ರಿಟೈರ್ಡ್ ಹೆಡ್‌ಮಾಸ್ಟರಿಗೆ, ಅವರು ಕೇಳಿದ್ದರಿಂದ ಮಾತ್ರ, ಹೇಳಿದರು.

ಬುಧವಾರ ಮೇಲಧಿಕಾರಿ ಕರೆಸಿದರು. ಸಾಹೇಬರು ಬಾಗಿಲಲ್ಲಿ ನಿಂತರು.

"ಕೂತ್ಕೊಳ್ಳಿ. ನಿಂತ್ಕೋಬೇಡಿ. ನನಗೆ ಎಲ್ಲಾ ಗೊತ್ತಾಯ್ತು. ನಿಮ್ಮ ತೂಕದ ವಿಷಯ."

ಕೂರಲು ಹೋದ ಸಾಹೇಬರು ಮತ್ತೆ ಎದ್ದು ನಿಂತರು. ತೂಕದ ಇಲಾಖೆಯವನೇ ಸುಳ್ಳು ತೂಕ ಬರೆದದ್ದು ಇಲಾಖೆಗೆ ತಿಳಿದುಹೋಗಿದೆ. "ತಪ್ಪಾಯ್ತು ಸಾರ್" ಎಂದರು.

"ಇದ್ರಲ್ಲಿ ನಿಮ್ಮ ತಪ್ಪೇನು? ಯಾರ ಕೈಲಿದೆ ಇದೆಲ್ಲ? ನಮ್ಮ ತಂದೆಯವರಿಗೂ ಹೀಗೇ ಆಗಿತ್ತು."

"ಅವ್ರೂ ಹಾರ್ತಿದ್ರಾ ಸಾರ್?"

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕಾಯಿಲೆ ತಲೆಗೂ ಏರಿದೆ ಎಂದು ಅವರಿಗೆ ಖಾತ್ರಿಯಾಯಿತು. "ಶುಕ್ರವಾರದಿಂದ ರಜೆ ತಗೊಳ್ಳಿ. ನಿಮ್ಮ ಇಕ್ಕಳ, ತಂತಿ, ಎಲ್ಲಾ ಸೋಮವಾರ ಒಪ್ಪಿಸಿದ್ರೆ ಸಾಕು. ಹದಿನೇಳನೇ ನಂಬರನ್ನ ನಾವು ಬೇರೆ ಯಾರಿಗೂ ಕೊಡಲ್ಲ. ನಿಮ್ಮ ಹೆಸರಲ್ಲೇ ನಿಂತ್ಹೋಗ್ಲಿ."

ಏನಾಗುತ್ತಿದೆ ಎಂದು ತಿಳಿಯದೆ ಸಾಹೇಬರು ಮಾರುಕಟ್ಟೆಗೆ ಬಂದರು. ಎಣ್ಣೆ ಅಂಗಡಿಯವನು ಅವರನ್ನು ಕಂಡವನೇ ಗದ್ದಿಗೆಯಿಂದ ಇಳಿದು ಬಂದ. ಇವನ ಮೂರು ತಕ್ಕಡಿಗಳನ್ನು ಸಾಹೇಬರು ಜಪ್ತಿ ಮಾಡಿದ್ದರು. ಅಂದಿನಿಂದ ಮುಖ ತಿರುಗಿಸಿಕೊಂಡೇ ಇದ್ದವನು.

"ಹಳೇದು ಯಾವ್ದೂ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ ಸಾರ್" ಎಂದು ಕೈ ಹಿಡಿದುಕೊಂಡ. "ನೀವು ಧೈರ್ಯವಾಗಿರಿ. ಎಷ್ಟು ದಿನ ಅಂದ್ರು ಸಾರ್?"

"ಏನು ಎಷ್ಟು ದಿನ?"

"ಹತ್ತೊಂಬತ್ತು ಕಿಲೋ ಅಂದ್ರೆ ಆಟ ಅಲ್ಲ ಸಾರ್. ಊತ ಬೇರೆ."

ಆಗ ಸಾಹೇಬರಿಗೆ ಅರ್ಥವಾಯಿತು. ಊರೆಲ್ಲ ತಮ್ಮನ್ನು ಸಾಯುತ್ತಿರುವವನೆಂದು ತಿಳಿದಿದೆ. ತಲೆಯ ಮೇಲೆ ಕೈ ಹೊತ್ತು ಎಣ್ಣೆ ಡಬ್ಬದ ಮೇಲೆ ಕೂತರು. ಅಂಗಡಿಯವನು ಕೂಡಲೇ ನೀರು ತರಿಸಿದ.

ಬಿಡಿಸಿಕೊಳ್ಳಲು ಒಂದೇ ಮಾತು ಸಾಕಿತ್ತು. ನನ್ನ ತೂಕ ಎಂಬತ್ತಾರು, ಬರೆದದ್ದು ಸುಳ್ಳು. ಆದರೆ ಹೆಂಡತಿಯ ಅಣ್ಣನಾದ ಭಾವನಿಗೆ ಹೇಳಿದ್ದು ಊರಿಗೆ ಹೇಳಿದಂತೆ, ಊರಿಗೆ ಹೇಳಿದ್ದು ನೂಲಮ್ಮನಿಗೆ ತಲುಪಿದಂತೆ. ನೀಲಿ ಕೊಡೆ ಕೈತಪ್ಪಿ ಮತ್ತೆ ಸರ್ಕಸ್ ಡೇರೆ. ಸಾಹೇಬರು ಎರಡನ್ನೂ ಮನಸ್ಸಿನ ತಕ್ಕಡಿಯಲ್ಲಿಟ್ಟು ತೂಗಿದರು. ಭಾನುವಾರ ಒಂದು ಸಲ ಹಾರಿಬಿಟ್ಟರೆ ಮುಗಿಯಿತು, ಆಮೇಲೆ ಮೆಲ್ಲಗೆ ಗುಣವಾದರಾಯಿತು. ಅಲ್ಲಿಯವರೆಗೆ ಸಾಯುತ್ತಿರುವುದೇ ವಾಸಿ ಎಂದು ತೀರ್ಮಾನಿಸಿದರು.

*

ಗುರುವಾರ ಸಂಜೆ ಮೇಲಿನ ಮನೆಯ ಹೆಡ್‌ಮಾಸ್ಟರು ನೋಡಲು ಬಂದರು. ಭಾವ ಅದಾಗಲೇ ಬಂದು ಕೂತಿದ್ದರು. ಎರಡು ದಿನದಿಂದ ಬರುವವರೆಲ್ಲ ಬಿಸ್ಕತ್ತು ತರುತ್ತಿದ್ದರು. ಅವರೆದುರು ಬೇಡವೆನ್ನಲಾಗದೆ ಸಾಹೇಬರು ತಿನ್ನುತ್ತಿದ್ದರು. ಬಿಟ್ಟ ಊಟಕ್ಕಿಂತ ತಿಂದ ಬಿಸ್ಕತ್ತೇ ಹೆಚ್ಚಾಗಿತ್ತು.

ಹೆಡ್‌ಮಾಸ್ಟರು ಮೂವತ್ತೈದು ವರ್ಷ ಶಾಲೆಯಲ್ಲಿ 'ಮುಟ್ಟಬೇಡಿ' ಎಂದು ಹೇಳಿ ಹೇಳಿ, ನಿವೃತ್ತರಾದ ಮೇಲೆ ಕಂಡದ್ದನ್ನೆಲ್ಲ ಮುಟ್ಟುತ್ತಿದ್ದರು. ಮೂಲೆಯಲ್ಲಿದ್ದ ಕಿಟ್ಟನ್ನು ತೋರಿಸಿ, "ಇದೇನಾ ಆ ಹಾರೋ ಚೀಲ?" ಎಂದರು.

ಸಾಹೇಬರಿಗೆ ಸಾಯುತ್ತಿರುವುದು ಮರೆತುಹೋಯಿತು. ಎದ್ದು ಕಿಟ್ಟನ್ನು ಮೇಜಿನ ಮೇಲಿಟ್ಟರು. "ಇದು ಮೊದಲನೇ ಕೊಡೆ ಮೇಷ್ಟ್ರೇ. ನೂರ ಎಪ್ಪತ್ತು. ನೂರು ಹಾರಾಟ ಆಗದೆ ಇರೋರಿಗೆ ಸಾಮಾನ್ಯವಾಗಿ ಕೊಡಲ್ಲ. ಮೇಲಿರೋದು ಎರಡನೇದು. ಆ ಹಿಡಿಕೆ ಇದೆಯಲ್ಲ, ಅದನ್ನ ಎಳೆದ್ರೆ ಪಿನ್ನು ಜಾರುತ್ತೆ, ಸ್ಪ್ರಿಂಗು..."

"ಇದಾ?" ಎಂದು ಹೆಡ್‌ಮಾಸ್ಟರು ಎಳೆದರು.

ಒಳಗೆ ಅದುಮಿಟ್ಟ ಸ್ಪ್ರಿಂಗು ಫಟ್ಟೆಂದು ಚಿಮ್ಮಿ, ಹೆಡ್‌ಮಾಸ್ಟರ ಮೂಗಿನ ಪಕ್ಕದಲ್ಲೇ ಹಾದು, ಬೆಳಕಿನ ಬುರುಡೆಗೆ ಬಡಿದು, ಬಿಳಿ ಬಟ್ಟೆಯನ್ನು ಎಳೆದುಕೊಂಡು ಭಾವನ ಮೇಲೆ ಬಿತ್ತು. ಭಾವ ಬಟ್ಟೆಯೊಳಗಿಂದ "ನನಗೇನೂ ಕಾಣ್ತಿಲ್ಲ" ಎಂದರು. ಹೆಂಡತಿ ಬಾಗಿಲಲ್ಲಿ ಬಂದು ನೋಡಿದಾಗ ಅಣ್ಣ ಬಿಳಿ ಬಟ್ಟೆಯೊಳಗೆ ಮಲಗಿದ್ದರು, ಹೆಡ್‌ಮಾಸ್ಟರು ಹಿಡಿಕೆ ಹಿಡಿದು ಕಲ್ಲಿನಂತೆ ನಿಂತಿದ್ದರು, ಸಾಯಬೇಕಾದವರು ಮಾತ್ರ ಚುರುಕಾಗಿ ಓಡಾಡುತ್ತಿದ್ದರು.

ಕೆಂಪು ನೂಲು ಹರಿದು ನೆಲದ ಮೇಲೆ ಬಿದ್ದಿತ್ತು. ನೂಲಮ್ಮನ ಹತ್ತಿರ ಒಯ್ದರೆ ತಕ್ಕಡಿ ಹತ್ತಬೇಕು. ಸಾಹೇಬರು ಐದು ನಿಮಿಷ ಯೋಚಿಸಿದರು. ನೂಲಮ್ಮ ಮಡಿಸುವುದನ್ನು ತಾವು ಎರಡು ಸಲ ಪಕ್ಕದಲ್ಲಿ ನಿಂತು ನೋಡಿದ್ದಾರೆ. ಸೀರೆ ಮಡಿಸಿದಂತೆಯೇ ತಾನೆ.

ಮಡಿಸುವ ಕೆಲಸ ಮೂರು ಗಂಟೆ ನಡೆಯಿತು. ಮುಖ ತೋರಿಸಲಾಗದ ಹೆಡ್‌ಮಾಸ್ಟರು ನೆಲದ ಮೇಲೆ ಮಂಡಿಯೂರಿ ಅಂಚು ಹಿಡಿದರು. ಬಟ್ಟೆ ಚೀಲದೊಳಗೆ ಹೋಗದಾಗ ಭಾವ ಅದರ ಮೇಲೆ ಕೂತರು. ಸ್ಪ್ರಿಂಗು ಎರಡು ಸಲ ಭಾವನನ್ನು ಎತ್ತಿಹಾಕಿತು. ಕೊನೆಗೂ ಪಿನ್ನು ಕೂತು ಚೀಲ ಮುಚ್ಚಿದಾಗ, ಹೆಡ್‌ಮಾಸ್ಟರಿಗೆ ತಮ್ಮ ಕನ್ನಡಕ ಎಲ್ಲಿಟ್ಟೆ ಎಂದು ನೆನಪಾಗಲಿಲ್ಲ.

ಉಳಿದದ್ದು ಸೀಲು. ಸಾಹೇಬರು ಹರಿದ ಕೆಂಪು ನೂಲನ್ನು ಬೆರಳಲ್ಲಿ ಹಿಡಿದು ಎಳೆದರು. ಟಪ್ಪೆಂದು ಮತ್ತೆ ಹರಿಯಿತು.

"ನೋಡಿ ಭಾವ, ಜೀವ ಉಳಿಸೋ ವಸ್ತುವಿಗೆ ಇಂಥ ಬಡಪಾಯಿ ನೂಲು. ಉಗುರು ತಾಗಿದ್ರೂ ಹರಿಯುತ್ತೆ. ಯಾರೋ ಮೇಷ್ಟ್ರು ಬಂದು ಎಳೆದ್ರೂ ಹರಿಯುತ್ತೆ."

"ಕ್ಷಮಿಸ್ಬೇಕು" ಎಂದರು ಹೆಡ್‌ಮಾಸ್ಟರು.

"ಇಲಾಖೆಯಲ್ಲಿ ಹೀಗೆ ಮಾಡಿದ್ರೆ ಕೆಲಸ ಕಳ್ಕೋತೀವಿ."

ಸೋಮವಾರ ಒಪ್ಪಿಸಬೇಕಾದ ಇಕ್ಕಳ ಬ್ಯಾಗಿನಲ್ಲೇ ಇತ್ತು. ಸಾಹೇಬರು ಉಕ್ಕಿನ ತಂತಿ ತೆಗೆದು, ಪಿನ್ನಿನ ಸುತ್ತ ಒಂದಲ್ಲ ಎರಡು ಸುತ್ತು ಸುತ್ತಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ, ಹಲ್ಲು ಕಚ್ಚಿ ಒತ್ತಿದರು. ಹದಿನೇಳು. ಆ ವಾರದಲ್ಲಿ ಮೊದಲ ಬಾರಿಗೆ ಅವರ ಮನಸ್ಸಿಗೆ ನೆಮ್ಮದಿಯಾಯಿತು. ಇಲಾಖೆಯ ಸೇವೆಯಲ್ಲಿ ತಾವು ಹಾಕಿದ ಅತ್ಯುತ್ತಮ ಸೀಲು ಇದೇ ಇರಬೇಕು ಎಂದುಕೊಂಡರು.

*

ಭಾನುವಾರ ಹೆಂಡತಿ ತಡೆಯುತ್ತಾರೆಂದು ಸಾಹೇಬರು ಹೆದರಿದ್ದರು. ಆಕೆ ತಡೆಯಲಿಲ್ಲ. "ಅವ್ರ ಕೊನೇ ಆಸೆ ಅಣ್ಣ" ಎಂದು ಬಾಡಿಗೆಗೆ ಗಾಡಿ ಗೊತ್ತುಮಾಡಿ, ಫ್ಲಾಸ್ಕಿನಲ್ಲಿ ಟೀ ತುಂಬಿಸಿ, ತಾವೂ ಹೊರಟರು. ಅಣ್ಣ ಹೊರಟರು. ಕನ್ನಡಕವಿಲ್ಲದ ಹೆಡ್‌ಮಾಸ್ಟರು ಏನೂ ಕಾಣದಿದ್ದರೂ ನೋಡಲೇಬೇಕೆಂದು ಹೊರಟರು.

ಹಾರುವ ಮೈದಾನದಲ್ಲಿ ಸಾಹೇಬರು ಕಿಟ್ಟು ತೊಟ್ಟು ಸಾಲಿನಲ್ಲಿ ನಿಂತರು. ಪಟ್ಟಿಗಳು ಮೈಗೆ ಕಚ್ಚಿ ಹಿಡಿದು ಉಸಿರಾಡುವುದು ಕಷ್ಟವಾಗಿತ್ತು. ದೂರದಿಂದ ಡಾಕ್ಟರಮ್ಮ ನೀಲಿ ಕೊಡೆ ಅಂತ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದು ಎದೆ ಉಬ್ಬಿತು. ಉಬ್ಬಿದ್ದರಿಂದ ಪಟ್ಟಿ ಇನ್ನೂ ಬಿಗಿಯಾಯಿತು.

ಅಷ್ಟರಲ್ಲಿ ಹೆಂಡತಿ ನೂಲಮ್ಮನ ಹತ್ತಿರ ಹೋಗಿದ್ದರು. "ಅಮ್ಮಾ, ನಮ್ಮನೆಯವರನ್ನ ಸ್ವಲ್ಪ ಮೆತ್ತಗೆ ಇಳಿಯೋ ಹಾಗೆ ಮಾಡಿ. ತುಂಬಾ ಸೊರಗಿಹೋಗಿದ್ದಾರೆ. ಎರಡು ತಿಂಗಳಲ್ಲಿ ಹತ್ತೊಂಬತ್ತು ಕಿಲೋ."

ನೂಲಮ್ಮ ಆಕೆಯನ್ನು ನೋಡಿದರು. ಸಾಲಿನಲ್ಲಿ ನಿಂತು ಪಟ್ಟಿ ಸಡಿಲಿಸಿಕೊಳ್ಳುತ್ತಿದ್ದ ಸೊರಗಿದವರನ್ನೂ ನೋಡಿದರು. "ಕಿಟ್ಟು ಬಿಚ್ಚಿಟ್ಟು ಇಲ್ಲಿ ಬನ್ನಿ ಸಾಹೇಬ್ರೇ" ಎಂದರು.

ತಕ್ಕಡಿಯನ್ನು ಎಳೆದು ಬಾಗಿಲಿಗೆ ತಂದಿದ್ದಾಯಿತು. ಹೆಂಡತಿಯ ಎದುರು, ಭಾವನ ಎದುರು, ಹಾರಲು ಬಂದ ಹನ್ನೆರಡು ಜನರ ಎದುರು ಸಾಹೇಬರು ಅದರ ಮೇಲೆ ನಿಂತರು. ಮುಳ್ಳು ಓಡಿಹೋಗಿ ಎಂಬತ್ತೇಳರಲ್ಲಿ ನಿಂತಿತು. ಬಿಸ್ಕತ್ತುಗಳ ಒಂದು ಕಿಲೋ ಸೇರಿಕೊಂಡಿತ್ತು.

"ತಕ್ಕಡಿ ಕೆಟ್ಟಿದೆ" ಎಂದರು ಸಾಹೇಬರು.

ಇಪ್ಪತ್ತೊಂದು ವರ್ಷದಿಂದ ಎಲ್ಲ ಅಂಗಡಿಯವರೂ ಅವರಿಗೆ ಹೇಳಿದ್ದ ಮಾತು ಅದು. ನೂಲಮ್ಮ ಬಗ್ಗಿ ತಕ್ಕಡಿಯ ಕೆಳಗಿದ್ದ ತಂತಿಯನ್ನು ಎತ್ತಿ ತೋರಿಸಿದರು. "ಇದರ ಮೇಲೆ ಸೀಲಿದೆ. ಎರಡು ತಿಂಗಳ ಹಿಂದೆ ಬಂದು ಹಾಕಿದ್ದು. ಯಾವ ನಂಬರು ಓದಿ, ಯಾರಾದ್ರೂ."

ಭಾವ ಬಗ್ಗಿ ಓದಿದರು. "ಹದಿನೇಳು."

ಸಾಹೇಬರಿಗೆ ದಾರಿ ಎರಡೇ ಇದ್ದವು. ತಕ್ಕಡಿ ಸುಳ್ಳು ಎಂದರೆ ಹದಿನೇಳು ಸುಳ್ಳು. ಊರಿನಲ್ಲಿ ಆ ಸೀಲು ಹೊತ್ತ ಸಾವಿರಾರು ತಕ್ಕಡಿಗಳೂ ಸುಳ್ಳು. ನೀಲಿ ಕೊಡೆಯ ಮೇಲಿನ ಆಸೆ ಎಷ್ಟಿದ್ದರೂ ಅಷ್ಟು ದೂರ ಹೋಗಲು ಅವರಿಂದ ಆಗಲಿಲ್ಲ.

"ತಕ್ಕಡಿ ಸರಿ ಇದೆ" ಎಂದರು ನೆಲ ನೋಡುತ್ತ. "ನಾನೇ ತಪ್ಪು ಬರ್ದೆ."

ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರೆ ಕರಗಿಲ್ವಾ?"

"ಇಲ್ಲ."

"ಕಾಯಿಲೆ?"

"ಇಲ್ಲ."

ಆಕೆ ಅಲ್ಲೇ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಗಂಡ ಉಳಿದನೆಂಬ ಸಂತೋಷ ಉಕ್ಕಿ ಬಂದಿತ್ತು. ಅಳು ನಿಂತ ಮೇಲೆ ಸಿಟ್ಟು ಬಂತು. "ಏಳು ದಿನ. ಏಳು ದಿನ ನಾನು ಕಣ್ಣು ಮುಚ್ಚಿಲ್ಲ ರೀ. ನೀವು ಕೂತು ಬಿಸ್ಕತ್ತು ತಿಂತಿದ್ರಿ." ಭಾವ ಮೆಲ್ಲಗೆ, "ಹಾಗಾದ್ರೆ ಊತ ಅಲ್ಲ, ಬರೀ ಹೊಟ್ಟೆ" ಎಂದು ತಮ್ಮ ರೋಗನಿರ್ಣಯವನ್ನು ತಿದ್ದಿಕೊಂಡರು. ಸುತ್ತಲಿದ್ದವರು ನಗಲು ಶುರುಮಾಡಿದರು.

ನೂಲಮ್ಮ ನಗಲಿಲ್ಲ. ಅವರು ಬಿಚ್ಚಿಟ್ಟ ಕಿಟ್ಟಿನ ಮೇಲಿನ ಪಟ್ಟಿ ಎತ್ತಿ ಒಳಗೆ ನೋಡುತ್ತಿದ್ದರು. "ಇಲ್ಲೂ ಹದಿನೇಳು" ಎಂದರು.

ನಗು ನಿಂತಿತು.

"ಮೇಷ್ಟ್ರು ಎಳೆದ್ರು, ಬಿಚ್ಕೊಂಡ್ತು" ಎಂದರು ಸಾಹೇಬರು. "ನಾನೇ ಮಡಿಸಿ ಸೀಲ್ ಹಾಕ್ದೆ. ಭದ್ರವಾಗಿದೆ. ನಿಮ್ಮ ನೂಲು ಬಹಳ ಸಪೂರ ಇತ್ತು."

ನೂಲಮ್ಮ ಕಿಟ್ಟನ್ನು ಬೆಂಚಿನ ಮೇಲಿಟ್ಟು ಹಿಡಿಕೆಯನ್ನು ಎಳೆದರು. ಏನೂ ಆಗಲಿಲ್ಲ. ಎರಡು ಕೈಯಲ್ಲಿ ಎಳೆದರು. ಏನೂ ಆಗಲಿಲ್ಲ. "ಮೇಷ್ಟ್ರೇ, ಮೊನ್ನೆ ಎಳೆದ ಹಾಗೇ ಎಳೀರಿ" ಎಂದರು. ಹೆಡ್‌ಮಾಸ್ಟರು ತಡಕಾಡಿ ಹಿಡಿಕೆ ಹುಡುಕಿ ಎಳೆದರು. ಭಾವ ಬೆಂಚಿಗೆ ಕಾಲು ಕೊಟ್ಟು ಎಳೆದರು. ಕ್ಲಬ್ಬಿನ ಮುಖ್ಯಸ್ಥರು ಮುಖ ಕೆಂಪಗಾಗುವವರೆಗೆ ಎಳೆದರು. ಪಿನ್ನು ಕೂದಲೆಳೆಯಷ್ಟೂ ಜರುಗಲಿಲ್ಲ. ಅದರ ಸುತ್ತ ಸಾಹೇಬರ ಎರಡು ಸುತ್ತು ತಂತಿ ಗಟ್ಟಿಯಾಗಿ ಕೂತಿತ್ತು.

"ಈಗ ನೀವು ಎಳೀರಿ" ಎಂದರು ನೂಲಮ್ಮ.

ಸಾಹೇಬರು ಎಳೆದರು. ಅವರು ಸೀಲು ಹಾಕಿದ ಮೇಲೆ ಅದು ಅಲ್ಲಾಡುವಂತಿರಲಿಲ್ಲ, ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದರು. ಹಿಡಿಕೆ ಬಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟರು.

"ನಿಮ್ಮ ಸೀಲು ಹರೀಬಾರ್ದು ಅಂತ ಇರೋದು. ನನ್ನ ನೂಲು ಹರೀಲೇಬೇಕು ಅಂತ ಇರೋದು. ಅದಕ್ಕೇ ಸಪೂರ" ಎಂದರು ನೂಲಮ್ಮ. ಅವರ ದನಿ ಏರಿರಲಿಲ್ಲ. ಇಕ್ಕಳ ತಂದು ತಂತಿ ಕತ್ತರಿಸಿದರು. ಸ್ಪ್ರಿಂಗು ಸುಸ್ತಾದವನಂತೆ ಪಕ್ಕಕ್ಕೆ ವಾಲಿತು. ಅದರ ಹಿಂದೆ ಗಂಟುಗಂಟಾದ ದಾರಗಳು ಬಂದವು. ದಾರಗಳ ನಡುವಿನಿಂದ ಹೆಡ್‌ಮಾಸ್ಟರ ಕನ್ನಡಕ ಬಂತು. ಅವರು ಅದನ್ನು ಹಾಕಿಕೊಂಡು ಮೊದಲ ಸಲ ಎಲ್ಲರ ಮುಖ ನೋಡಿದರು, ನೋಡಿ ಮತ್ತೆ ತೆಗೆದುಬಿಟ್ಟರು.

ಹೆಂಡತಿ ನೂಲಮ್ಮನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು. "ಇದನ್ನ ಹಾಕ್ಕೊಂಡು ಹಾರಿದ್ದಿದ್ರೆ?"

"ಮೊದಲನೇ ಕೊಡೆ ಬಿಚ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ಲ."

"ಬಿಚ್ಕೊಳ್ದೆ ಇದ್ದಿದ್ರೆ?"

ನೂಲಮ್ಮ ಕತ್ತರಿಸಿದ ತಂತಿಯನ್ನು ಸಾಹೇಬರ ಅಂಗೈಯಲ್ಲಿಟ್ಟು ಒಳಗೆ ಹೋದರು. ಆಕೆ ಹುಲ್ಲಿನ ಮೇಲೆ ಗಂಡನ ಪಕ್ಕ ಬಂದು ಕೂತರು. ಬೈಯಬೇಕೆಂದು ಕೂಡಿಟ್ಟ ಮಾತು ಬೇಕಾದಷ್ಟಿತ್ತು. ಒಂದನ್ನೂ ಆಡದೆ ಫ್ಲಾಸ್ಕು ತೆರೆದು ಟೀ ಬಗ್ಗಿಸಿ ಅವರ ಕೈಗಿಟ್ಟರು. ಊರಿನವರು ಒಂದು ವಾರ ಅತ್ತದ್ದರಲ್ಲಿ ತಪ್ಪೇನೂ ಇರಲಿಲ್ಲ, ಕಾಯಿಲೆಯ ಹೆಸರೊಂದೇ ತಪ್ಪಿತ್ತು.

ಆ ವರ್ಷ ಪೂರ್ತಿ ಸಾಹೇಬರು ಹಾರುವಂತಿಲ್ಲ ಎಂದು ತೀರ್ಮಾನವಾಯಿತು. ಭಾನುವಾರಗಳಲ್ಲಿ ನೂಲಮ್ಮನ ಪಕ್ಕ ಕೂತು ದಾರ ಸವೆದಿದೆಯೇ, ಹೊಲಿಗೆ ಬಿಟ್ಟಿದೆಯೇ ಎಂದು ನೋಡುವುದನ್ನು ಕಲಿಯಬೇಕು. ಕಲಿತ ಮೇಲೆ ಮತ್ತೆ ಸರ್ಕಸ್ ಡೇರೆ. ಸಾಹೇಬರು ಒಂದಕ್ಕೂ ಎದುರಾಡಲಿಲ್ಲ. ನೀಲಿ ಕೊಡೆಯನ್ನು ಅವರು ಮತ್ತೆ ತಿರುಗಿಯೂ ನೋಡಲಿಲ್ಲ.

ಸೋಮವಾರ ಆಫೀಸಿಗೆ ಹೋಗಿ, ರಜೆ ಬೇಡವೆಂದು ಬರೆದುಕೊಟ್ಟು, ಇಕ್ಕಳ ಹಿಡಿದು ಮಾರುಕಟ್ಟೆಗೆ ಬಂದರು. ಎಣ್ಣೆ ಅಂಗಡಿಯ ಹೊಸ ತಕ್ಕಡಿಗೆ ತಂತಿ ಪೋಣಿಸಿ, ಸೀಲು ಒತ್ತಿ, ರೂಢಿಯಂತೆ ಜಗ್ಗಿ ನೋಡಿದರು. ಹರಿಯಲಿಲ್ಲ. ಇನ್ನೊಮ್ಮೆ ಜಗ್ಗಿದರು. ಆಮೇಲೆ ಆ ತಂತಿಯನ್ನೇ ನೋಡುತ್ತ ಎಣ್ಣೆ ಡಬ್ಬದ ಮೇಲೆ ಕೂತುಕೊಂಡರು.

ಭಾನುವಾರದ ಸುದ್ದಿ ಅಂಗಡಿಯವನಿಗೆ ಇನ್ನೂ ಮುಟ್ಟಿರಲಿಲ್ಲ. ಅವನು ನೀರು ತಂದುಕೊಟ್ಟು, ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದ.

"ಮೊನ್ನೆ ನೀವು ಹೇಳ್ಲೇ ಇಲ್ಲ ಸಾರ್. ಎಷ್ಟು ದಿನ ಅಂದ್ರು?"

ಸಾಹೇಬರು ನೀರು ಕುಡಿದು ಲೋಟ ಕೆಳಗಿಟ್ಟರು.

"ನಿನ್ನೆಯವರೆಗೆ ಅಂತಿತ್ತು" ಎಂದರು. "ತಪ್ಪಿಹೋಯ್ತು."